ಸುಂಕ ಇಳಿದರೂ ಬೈಕಿನ ಬೆಲೆ ಯಾಕೆ ಇಳಿಯಲಿಲ್ಲ?

2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಆಮದು ಬೈಕುಗಳ ಮೇಲಿನ ಸುಂಕ ಇಳಿಸಿತು. 1600 ಸಿಸಿವರೆಗಿನ ಬೈಕಿಗೆ ಶೇ 50 ಇದ್ದದ್ದು ಶೇ 40 ಆಯಿತು. ಅದಕ್ಕೂ ದೊಡ್ಡ ಎಂಜಿನ್ ಇದ್ದರೆ ಶೇ 30. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಬೈಕು ಇನ್ನು ಅಗ್ಗ ಅನ್ನುವ ಮಾತು ಹಬ್ಬಿತು. ಅದೇ ವರ್ಷ ಅಮೆರಿಕ ಒಂದೊಂದೇ ದೇಶದ ಸರಕಿನ ಮೇಲೆ ಸುಂಕ ಹಾಕುತ್ತಾ ಹೋಯಿತು. ಯುರೋಪ್ ಪ್ರತಿಸುಂಕದ ಪಟ್ಟಿ ಸಿದ್ಧ ಮಾಡಿಟ್ಟುಕೊಂಡಿತು. ಆಗಸ್ಟ್ 27ರಿಂದ ಭಾರತದ ಹೆಚ್ಚಿನ ಸರಕಿಗೆ ಅಮೆರಿಕದಲ್ಲಿ ಶೇ 50 ಸುಂಕ ಬಿತ್ತು. ಸೆಪ್ಟೆಂಬರ್‌ನಲ್ಲಿ ನಮ್ಮ ಜಿಎಸ್‌ಟಿ ದರಗಳೇ ಬದಲಾದವು.

ಇಷ್ಟೆಲ್ಲ ಸುದ್ದಿ ಓದಿದವರಿಗೆ ಒಂದೇ ಪ್ರಶ್ನೆ: ಕೊನೆಗೆ ಬೈಕು ಅಗ್ಗ ಆಯಿತಾ, ದುಬಾರಿ ಆಯಿತಾ? ಸುಂಕವನ್ನು ಬರೀ ಬೆಲೆಯ ಲೆಕ್ಕ ಎಂದುಕೊಂಡರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬೈಕು ಎಲ್ಲಿ ತಯಾರಾಗಬೇಕು, ಎಷ್ಟು ಸಿಸಿ ಇರಬೇಕು, ಯಾವ ಕಂಪನಿ ಯಾರ ಜೊತೆ ಕೈಜೋಡಿಸಬೇಕು ಅನ್ನುವುದನ್ನೆಲ್ಲ ಸುಂಕ ತೀರ್ಮಾನಿಸುತ್ತದೆ. ಬೆಲೆ ಚೀಟಿಯ ಮೇಲೆ ಅದು ಕಾಣುವುದು ಕಡಿಮೆ. ಶೋರೂಮಿನಲ್ಲಿ ಯಾವ ಬೈಕು ನಿಂತಿದೆ, ಯಾವುದು ನಿಂತಿಲ್ಲ ಅನ್ನುವುದರಲ್ಲೇ ಜಾಸ್ತಿ ಕಾಣುತ್ತದೆ.

ನೂರು ರೂಪಾಯಿಯ ಲೆಕ್ಕ

ಮೊದಲು ಬೆಲೆಯ ಲೆಕ್ಕವನ್ನೇ ಮುಗಿಸೋಣ. ಹಡಗು ಬಾಡಿಗೆ, ವಿಮೆ ಎಲ್ಲ ಸೇರಿ ಬಂದರಿನಲ್ಲಿ ಒಂದು ಬೈಕಿನ ಬೆಲೆ 100 ರೂಪಾಯಿ ಎಂದುಕೊಳ್ಳಿ. ಎಂಜಿನ್ 350 ಸಿಸಿಗಿಂತ ದೊಡ್ಡದು, 1600ಕ್ಕಿಂತ ಚಿಕ್ಕದು.

2025ರ ಬಜೆಟ್‌ಗೆ ಮೊದಲು ಇದರ ಮೇಲೆ ಶೇ 50 ಸುಂಕ. ಅಲ್ಲಿಗೆ 150 ಆಯಿತು. ಆಮೇಲೆ ಜಿಎಸ್‌ಟಿ. ಅದನ್ನು ಹಾಕುವುದು 100ರ ಮೇಲೆ ಅಲ್ಲ, 150ರ ಮೇಲೆ. ತೆರಿಗೆಯ ಮೇಲೆ ತೆರಿಗೆ ಅನ್ನುತ್ತಾರಲ್ಲ, ಇದೇ ಅದು. ಆಗ 350 ಸಿಸಿ ಮೇಲ್ಪಟ್ಟ ಬೈಕಿಗೆ ಜಿಎಸ್‌ಟಿ ಶೇ 28, ಪರಿಹಾರ ಸೆಸ್ ಶೇ 3. ಒಟ್ಟು ಶೇ 31. ಸಣ್ಣಪುಟ್ಟ ಮೇಲ್ತೆರಿಗೆ ಬಿಟ್ಟರೆ ಬೈಕು ಬಂದರು ದಾಟುವ ಹೊತ್ತಿಗೆ 196 ರೂಪಾಯಿ 50 ಪೈಸೆ.

ಬಜೆಟ್ ನಂತರ ಸುಂಕ ಶೇ 40 ಆಯಿತು. 140ರ ಮೇಲೆ ಶೇ 31 ಅಂದರೆ 183 ರೂಪಾಯಿ 40 ಪೈಸೆ. ಹದಿಮೂರು ರೂಪಾಯಿ ಉಳಿತಾಯ. ಪರವಾಗಿಲ್ಲ, ಅಲ್ವಾ?

ಆದರೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಬಂದವು. 350 ಸಿಸಿವರೆಗಿನ ಬೈಕಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಹೋಗಿ ನೇರ ಶೇ 40 ಆಯಿತು. ಈಗ 140ರ ಮೇಲೆ ಶೇ 40 ಹಾಕಿ ನೋಡಿ. 196 ರೂಪಾಯಿ.

ಮೊದಲು 196 ರೂಪಾಯಿ 50 ಪೈಸೆ, ಈಗ 196. ವ್ಯಾಪಾರ ಮಾತುಕತೆಯ ಮೇಜಿನ ಮೇಲೆ ತೋರಿಸಲು ಹತ್ತು ಪಾಯಿಂಟ್ ಸುಂಕ ಇಳಿಕೆ ಇದೆ. ಖರೀದಿದಾರನ ಕೈಗೆ ಬಂದದ್ದು ನೂರಕ್ಕೆ ಐವತ್ತು ಪೈಸೆ. ಇದರಲ್ಲಿ ಯಾರದ್ದೂ ಸಂಚು ಇದೆ ಎಂದು ಹೇಳಬೇಕಿಲ್ಲ. ಸುಂಕ ಒಂದು ಕೈಯ ಕೆಲಸ, ಜಿಎಸ್‌ಟಿ ಇನ್ನೊಂದು ಕೈಯದ್ದು, ಎರಡೂ ತಮ್ಮ ತಮ್ಮ ಕಾರಣಕ್ಕೆ ನಡೆದವು. 1600 ಸಿಸಿ ಮೇಲ್ಪಟ್ಟವರಿಗೆ ಮಾತ್ರ ಸ್ವಲ್ಪ ಉಳಿಯಿತು: 130ರ ಮೇಲೆ ಶೇ 40 ಅಂದರೆ 182. ಆ ಗಾತ್ರದ ಎಂಜಿನ್ ಹೆಚ್ಚಾಗಿ ಇರುವುದು ಅಮೆರಿಕದ ಭಾರಿ ಕ್ರೂಸರ್ ಬೈಕುಗಳಲ್ಲಿ. 1600 ಅನ್ನುವ ಗೆರೆ ಎಲ್ಲಿಂದ ಬಂತು ಎಂದು ಊಹಿಸಲು ಕಷ್ಟಪಡಬೇಕಿಲ್ಲ.

ಇದರ ಮೇಲೆ ಡೀಲರ್ ಲಾಭ, ವಿಮೆ, ರಾಜ್ಯದ ರಸ್ತೆ ತೆರಿಗೆ ಎಲ್ಲ ಬರುತ್ತವೆ. ಅವೂ ಬಹುಮಟ್ಟಿಗೆ ಶೇಕಡಾ ಲೆಕ್ಕದಲ್ಲೇ ಇರುತ್ತವೆ. ಹಾಗಾಗಿ ಬಂದರಿನಲ್ಲಿ ಬಿದ್ದ ಒಂದು ರೂಪಾಯಿ ಸುಂಕ, ಮನೆಗೆ ಬರುವಾಗ ಒಂದೂವರೆ ರೂಪಾಯಿಯೇ ಆಗಿಬಿಡಬಹುದು.

ಕಟ್ಟುವವರು ಯಾರು, ಹೊರುವವರು ಯಾರು?

ಸುಂಕವನ್ನು ಬೇರೆ ದೇಶ ಕಟ್ಟುತ್ತದೆ ಅನ್ನುವುದು ರಾಜಕೀಯ ಭಾಷಣಗಳಲ್ಲಿ ಪದೇ ಪದೇ ಬರುವ ಮಾತು. ಕಸ್ಟಮ್ಸ್‌ಗೆ ದುಡ್ಡು ಕಟ್ಟುವುದು ಆಮದು ಮಾಡಿಕೊಳ್ಳುವ ಕಂಪನಿ. ಅದು ಇಲ್ಲಿಯದ್ದೇ ಕಂಪನಿ. ಆಮೇಲೆ ಆ ಭಾರ ಮೂರು ಜೇಬುಗಳಲ್ಲಿ ಹಂಚಿಹೋಗುತ್ತದೆ: ತಯಾರಕ, ಡೀಲರ್, ಖರೀದಿದಾರ. ಯಾರಿಗೆ ಎಷ್ಟು ಅನ್ನುವುದು ಒಂದು ಸರಳ ವಿಷಯದ ಮೇಲೆ ನಿಂತಿದೆ. ಅದೇ ಬೀದಿಯಲ್ಲಿ ಸುಂಕ ಕಟ್ಟದ ಪ್ರತಿಸ್ಪರ್ಧಿ ಇದ್ದಾನಾ?

2018ರ ಒಂದು ಉದಾಹರಣೆ ಚೆನ್ನಾಗಿದೆ. ಆ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟ ಅಮೆರಿಕದ ದೊಡ್ಡ ಬೈಕುಗಳ ಸುಂಕವನ್ನು ಶೇ 6ರಿಂದ ಶೇ 31ಕ್ಕೆ ಏರಿಸಿತು. ಹಾರ್ಲೆ ಕಂಪನಿ ಷೇರುಪೇಟೆ ನಿಯಂತ್ರಕರಿಗೆ ಕೊಟ್ಟ ಹೇಳಿಕೆಯಲ್ಲಿ, ಪ್ರತಿ ಬೈಕಿಗೆ ಸರಾಸರಿ 2,200 ಡಾಲರ್ ಜಾಸ್ತಿ ಬೀಳುತ್ತದೆ ಎಂದಿತು. 2017ರಲ್ಲಿ ಅದು ಯುರೋಪಿನಲ್ಲಿ ಮಾರಿದ್ದು 40,000ಕ್ಕೆ ಹತ್ತಿರ. ಗುಣಿಸಿದರೆ ವರ್ಷಕ್ಕೆ ಸುಮಾರು 9 ಕೋಟಿ ಡಾಲರ್. ಕಂಪನಿ ಹೇಳಿದ್ದೂ 9ರಿಂದ 10 ಕೋಟಿ ಎಂದೇ. ಹಾಗಿದ್ದರೂ ಬೆಲೆ ಏರಿಸುವುದಿಲ್ಲ ಎಂದು ಘೋಷಿಸಿತು.

ಅದು ಉದಾರತೆಯಲ್ಲ. ಜರ್ಮನಿಯ ಬಿಎಂಡಬ್ಲ್ಯು, ಇಟಲಿಯ ಡುಕಾಟಿ ಅದೇ ಮಾರುಕಟ್ಟೆಯಲ್ಲಿ ಇದ್ದವು. ಅವುಗಳಿಗೆ ಈ ಸುಂಕ ಇಲ್ಲ. ಹಾರ್ಲೆ 2,200 ಡಾಲರ್ ಏರಿಸಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಿದ್ದ.

ಎಲ್ಲ ಕಂಪನಿಗಳಿಗೂ ಒಂದೇ ಸುಂಕ ಬಿದ್ದರೆ ಕಥೆ ಬೇರೆ. ಆಗ ಯಾರಿಗೂ ಹೆದರಿಕೆ ಇಲ್ಲ, ಬೆಲೆ ನೇರ ಖರೀದಿದಾರನ ಮೇಲೆ ಬೀಳುತ್ತದೆ. ಸುಂಕವೇ ಇಲ್ಲದ ಸ್ಥಳೀಯ ಕಂಪನಿ ಕೂಡ ಸುಮ್ಮನಿರುವುದಿಲ್ಲ. ಆಮದು ಬೈಕು ಹತ್ತು ರೂಪಾಯಿ ಏರಿದಾಗ ತನ್ನದನ್ನು ಐದು ಏರಿಸಿದರೂ ಅದು ಅಗ್ಗವಾಗಿಯೇ ಕಾಣುತ್ತದೆ. ಆ ಐದು ರೂಪಾಯಿ ಸರ್ಕಾರದ ಖಜಾನೆಗೆ ಹೋಗುವುದಿಲ್ಲ, ಕಂಪನಿಯ ಲಾಭಕ್ಕೆ ಸೇರುತ್ತದೆ. ಸುಂಕದ ಚರ್ಚೆಯಲ್ಲಿ ಈ ಐದು ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಪನಿಯೇ ಭಾರ ಹೊತ್ತುಕೊಂಡಾಗಲೂ ಅದು ಬೇರೆ ದಾರಿಯಲ್ಲಿ ಗಿರಾಕಿಯ ಹತ್ತಿರವೇ ಬರುತ್ತದೆ. ಹಬ್ಬದ ರಿಯಾಯಿತಿ ನಿಲ್ಲುತ್ತದೆ. ಹೊಸ ಮಾಡೆಲ್ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಮಾರಾಟ ಕಡಿಮೆ ಇರುವ ಮಾಡೆಲ್ ಆ ದೇಶದ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುತ್ತದೆ.

ಬಿಡಿಬಿಡಿಯಾಗಿ ತಂದರೆ ಅಗ್ಗ

ಭಾರತದ ಸುಂಕ ಪಟ್ಟಿಯಲ್ಲಿ ಮೂರು ಮೆಟ್ಟಿಲುಗಳಿವೆ. ಪೂರ್ತಿ ತಯಾರಾಗಿ ಬಂದ ಬೈಕು ಮೇಲಿನ ಮೆಟ್ಟಿಲು. ಇದನ್ನು ಸಿಬಿಯು ಅನ್ನುತ್ತಾರೆ. ಅರ್ಧ ಜೋಡಿಸಿ ತಂದದ್ದು ಎಸ್‌ಕೆಡಿ. ಪೂರ್ತಿ ಬಿಡಿಭಾಗಗಳ ಕಿಟ್ಟಾಗಿ ಬಂದದ್ದು ಸಿಕೆಡಿ. 2025ರ ಬಜೆಟ್ ನಂತರ ಮೊದಲನೆಯದಕ್ಕೆ ಶೇ 40 ಅಥವಾ ಶೇ 30, ಎರಡನೆಯದಕ್ಕೆ ಶೇ 20, ಮೂರನೆಯದಕ್ಕೆ ಶೇ 10.

ಸರ್ಕಾರದ ಲೆಕ್ಕಾಚಾರ ಸ್ಪಷ್ಟ. ಇಲ್ಲಿ ಎಷ್ಟು ಕೆಲಸ ಮಾಡುತ್ತೀರೋ ಅಷ್ಟು ಕಡಿಮೆ ಸುಂಕ. ಕಂಪನಿಗಳಿಗೂ ಇದು ಅರ್ಥವಾಗುತ್ತದೆ. ಒಂದು ಶೆಡ್, ಕೆಲವು ಯಂತ್ರ, ತರಬೇತಿ ಪಡೆದ ಜನ ಇದ್ದರೆ ಮೂವತ್ತು ಪಾಯಿಂಟ್ ಉಳಿಯುತ್ತದೆ. ಹಾರ್ಲೆ 2011ರಲ್ಲಿ ಹರಿಯಾಣದ ಬಾವಲ್‌ನಲ್ಲಿ ಜೋಡಣೆ ಘಟಕ ತೆರೆದದ್ದರ ಹಿಂದೆ ಇದೇ ಲೆಕ್ಕ ಇತ್ತು.

ಅದಕ್ಕೂ ನಾಲ್ಕು ವರ್ಷ ಮೊದಲು ನಡೆದದ್ದು ಇನ್ನೂ ಸ್ವಾರಸ್ಯಕರ. ಭಾರತದ ಹೊಗೆ ನಿಯಮಗಳಿಂದಾಗಿ ದೊಡ್ಡ ಅಮೆರಿಕನ್ ಬೈಕುಗಳಿಗೆ ಇಲ್ಲಿ ಪ್ರವೇಶವೇ ಇರಲಿಲ್ಲ. ಅತ್ತ ಭಾರತದ ಮಾವಿನಹಣ್ಣಿಗೆ ಅಮೆರಿಕದಲ್ಲಿ 18 ವರ್ಷಗಳಿಂದ ನಿಷೇಧ. 2007ರಲ್ಲಿ ಎರಡೂ ಒಟ್ಟಿಗೆ ಬಗೆಹರಿದವು. ಯುರೋಪಿನ ಯೂರೋ 3 ಹೊಗೆ ನಿಯಮಕ್ಕೆ ಹೊಂದುವ, 800 ಸಿಸಿ ಮೇಲ್ಪಟ್ಟ ಬೈಕುಗಳಿಗೆ ಭಾರತ ಒಪ್ಪಿತು, ಮಾವಿಗೆ ಅಮೆರಿಕ ಒಪ್ಪಿತು. ಬಾಗಿಲು ತೆರೆಯಿತು, ಆದರೆ ಹೊಸ್ತಿಲು ಎತ್ತರವಾಗಿಯೇ ಉಳಿಯಿತು. ಭಾರಿ ಸುಂಕ ಹಾಗೇ ಇತ್ತು. 2018ರ ಫೆಬ್ರವರಿಯಲ್ಲಿ 800 ಸಿಸಿ ಮೇಲ್ಪಟ್ಟದ್ದಕ್ಕೆ ಶೇ 75 ಇದ್ದದ್ದು ಶೇ 50 ಆಯಿತು. ಅಧ್ಯಕ್ಷ ಟ್ರಂಪ್ ಅದೂ ಸಾಲದು ಎಂದರು. ಅಮೆರಿಕ ತಾನು ದೊಡ್ಡ ಬೈಕಿಗೆ ಹಾಕುತ್ತಿದ್ದ ಸಾಮಾನ್ಯ ಸುಂಕ ಶೇ 2.4 ಮಾತ್ರ. ಅವರ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು.

ಬಾವಲ್ ಘಟಕ ಉಳಿಯಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಹಾರ್ಲೆ ಅದನ್ನು ಮುಚ್ಚುವುದಾಗಿ ಹೇಳಿತು, ಮುಂದಿನ ತಿಂಗಳೇ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದರಿಂದ ಹುಟ್ಟಿದ್ದು 2023ರ ಎಕ್ಸ್440. ಹೆಸರು ಅಮೆರಿಕದ್ದು, ತಯಾರಿಕೆ ಹೀರೋದು. ಟ್ರಯಂಫ್ ಕಂಪನಿಯ 400 ಸಿಸಿ ಬೈಕುಗಳು ಬಜಾಜ್‌ನ ಚಾಕಣ್ ಕಾರ್ಖಾನೆಯಿಂದ ಬರುತ್ತವೆ. ಬಿಎಂಡಬ್ಲ್ಯು ತನ್ನ 310 ಸಿಸಿ ಬೈಕುಗಳನ್ನು ಹೊಸೂರಿನ ಟಿವಿಎಸ್ ಕೈಯಲ್ಲಿ ಮಾಡಿಸಿತು. ಆಮದು ಸುಂಕ ಎಷ್ಟೇ ಏರಲಿ, ಇಳಿಯಲಿ, ಇಂಥ ಬೈಕುಗಳ ಬೆಲೆಗೆ ನೇರ ಸಂಬಂಧ ಇಲ್ಲ. ಟ್ಯಾಂಕಿನ ಮೇಲಿರುವ ಲಾಂಛನ ಯಾವ ದೇಶದ್ದು ಅನ್ನುವುದು ಕಸ್ಟಮ್ಸ್‌ಗೆ ಬೇಕಿಲ್ಲ, ಬೈಕು ಎಲ್ಲಿ ತಯಾರಾಯಿತು ಅನ್ನುವುದಷ್ಟೇ ಬೇಕು.

ಹಾಗಾದರೆ ಸುಂಕದ ಗೋಡೆ ಕೆಲಸ ಮಾಡಿತು ಎನ್ನಬಹುದಾ? ಅರ್ಧ ಮಟ್ಟಿಗೆ. ಗೋಡೆಯ ಒಳಗೆ ದೊಡ್ಡ ಮಾರುಕಟ್ಟೆ ಇದ್ದರೆ ಮಾತ್ರ ಒಳಗೆ ಬಂದು ಕಾರ್ಖಾನೆ ಹಾಕುತ್ತಾರೆ. 400 ಸಿಸಿ ಬೈಕಿಗೆ ಇಲ್ಲಿ ಆ ಮಾರುಕಟ್ಟೆ ಇದೆ, 1200 ಸಿಸಿಗೆ ಇಲ್ಲ. ಹಾಗಾಗಿ ದೊಡ್ಡ ಬೈಕು ಬೇಕಾದವರು ಸುಂಕ ಕಟ್ಟುತ್ತಲೇ ಇದ್ದಾರೆ, ಅವರ ದುಡ್ಡಿನಿಂದ ಇಲ್ಲಿ ಯಾವ ಕಾರ್ಖಾನೆಯೂ ಬೆಳೆಯುತ್ತಿಲ್ಲ.

ಇದೇ ಆಟವನ್ನು ನಮ್ಮ ಕಂಪನಿಗಳೂ ಹೊರಗೆ ಆಡುತ್ತವೆ. ರಾಯಲ್ ಎನ್‌ಫೀಲ್ಡ್ ಅರ್ಜೆಂಟೀನಾ, ಕೊಲಂಬಿಯಾ, ಬ್ರೆಜಿಲ್, ಥಾಯ್ಲೆಂಡ್‌ಗಳಲ್ಲಿ ಕಿಟ್ ಜೋಡಿಸುವ ಘಟಕಗಳನ್ನು ತೆರೆದಿದೆ. ಅಲ್ಲಿಯ ಸರ್ಕಾರಗಳೂ ಬಿಡಿಭಾಗಕ್ಕೆ ಒಂದು ದರ, ಪೂರ್ತಿ ಬೈಕಿಗೆ ಇನ್ನೊಂದು ದರ ಇಟ್ಟಿವೆ.

700 ಸಿಸಿ ಗೆರೆ

ಸುಂಕದಿಂದ ಕಂಪನಿ ಉಳಿಯುತ್ತದೆ ಎಂದು ವಾದಿಸುವವರು ಸಾಮಾನ್ಯವಾಗಿ ಮುಂದಿಡುವುದು 1983ರ ಅಮೆರಿಕವನ್ನು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆಗ ಹಾರ್ಲೆ ಮುಳುಗುವ ಸ್ಥಿತಿಯಲ್ಲಿತ್ತು. 1981ರಲ್ಲಿ ಅದರ ಅಧಿಕಾರಿಗಳೇ ಸಾಲ ಮಾಡಿ ಎಎಂಎಫ್ ಎಂಬ ಮಾತೃ ಕಂಪನಿಯಿಂದ ಅದನ್ನು ಕೊಂಡುಕೊಂಡಿದ್ದರು. ಬೈಕುಗಳಿಂದ ಎಣ್ಣೆ ಸೋರುತ್ತದೆ ಅನ್ನುವುದು ಜನರ ಬಾಯಲ್ಲಿ ತಮಾಷೆಯಾಗಿತ್ತು. ಅತ್ತ ಹೋಂಡಾ ಮತ್ತು ಯಮಹಾ ಒಂದನ್ನೊಂದು ಸೋಲಿಸುವ ಹಟಕ್ಕೆ ಬಿದ್ದು ಲೆಕ್ಕವಿಲ್ಲದಷ್ಟು ಬೈಕು ತಯಾರಿಸಿದ್ದವು. ಅಮೆರಿಕದ ಗೋದಾಮುಗಳಲ್ಲಿ ಮಾರಾಟವಾಗದ ಜಪಾನಿ ಬೈಕುಗಳ ರಾಶಿ. ಇಷ್ಟು ಸರಕು ಒಮ್ಮೆಗೇ ಅಗ್ಗದ ಬೆಲೆಗೆ ಹೊರಬಂದರೆ ದೇಶೀ ಉದ್ಯಮಕ್ಕೆ ದೊಡ್ಡ ಪೆಟ್ಟು ಎಂದು ಅಲ್ಲಿಯ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಒಪ್ಪಿಕೊಂಡಿತು. 1983ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದರು. 700 ಸಿಸಿ ಮೇಲ್ಪಟ್ಟ ಆಮದು ಬೈಕಿಗೆ ಸುಂಕ ಶೇ 4.4ರಿಂದ ಶೇ 49.4. ಐದು ವರ್ಷದಲ್ಲಿ ಹಂತಹಂತವಾಗಿ ಇಳಿಯುವ ಏರ್ಪಾಡು.

ಜಪಾನಿ ಎಂಜಿನಿಯರುಗಳು ಕೊಟ್ಟ ಉತ್ತರ ಸರಳವಾಗಿತ್ತು. 750 ಸಿಸಿ ಎಂಜಿನ್ನನ್ನು 700ಕ್ಕಿಂತ ಒಂದು ಕೂದಲೆಳೆ ಕೆಳಗೆ ಇಳಿಸಿದರು. ಹೋಂಡಾ ಶ್ಯಾಡೋ 700, ನೈಟ್‌ಹಾಕ್ 700, ಯಮಹಾ ವಿರಾಗೋ 700, ಸುಜುಕಿ ಜಿಎಸ್700 ಹೀಗೆ ಬಂದವು. ಪಕ್ಕದ ಕೆನಡಾದಲ್ಲಿ 750 ಹಾಗೇ ಮಾರಾಟವಾಗುತ್ತಿತ್ತು. ಇನ್ನೂ ದೊಡ್ಡ ಬೈಕುಗಳಿಗೆ ಹೋಂಡಾಗೆ ಒಹಾಯೋದಲ್ಲಿ, ಕಾವಾಸಾಕಿಗೆ ನೆಬ್ರಾಸ್ಕಾದಲ್ಲಿ ಕಾರ್ಖಾನೆ ಇತ್ತು. ಅಮೆರಿಕದ ಖರೀದಿದಾರನಿಗೆ ಸಿಕ್ಕಿದ್ದು ಐವತ್ತು ಸಿಸಿ ಕಡಿಮೆ ಇರುವ ಅದೇ ಬೈಕು. ಶೇ 49.4 ಕಟ್ಟಿದವರು ತೀರಾ ಕಡಿಮೆ.

ಹಾರ್ಲೆ ಮಾತ್ರ ಚೇತರಿಸಿಕೊಂಡಿತು. 1987ರ ಮಾರ್ಚ್‌ನಲ್ಲಿ, ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ, ನಮಗೆ ಈ ಸುಂಕ ಸಾಕು ಎಂದು ತಾನೇ ಕೇಳಿಕೊಂಡಿತು. ಮೇ ತಿಂಗಳಲ್ಲಿ ರೇಗನ್ ಪೆನ್ಸಿಲ್ವೇನಿಯಾದ ಯಾರ್ಕ್ ಕಾರ್ಖಾನೆಗೆ ಹೋಗಿ ಭಾಷಣ ಮಾಡಿದರು. ಅಕ್ಟೋಬರ್‌ನಲ್ಲಿ ಸುಂಕ ಮುಗಿಯಿತು.

ಸುಂಕದ ಪರ ಇರುವವರು ಇದನ್ನೇ ತೋರಿಸುತ್ತಾರೆ: ನೋಡಿ, ಉಸಿರಾಡಲು ಸಮಯ ಕೊಟ್ಟರು, ಕಂಪನಿ ಉಳಿಯಿತು. ಆಮೇಲೆ ಅರ್ಥಶಾಸ್ತ್ರಜ್ಞರು ಮಾರಾಟದ ಅಂಕಿಗಳನ್ನು ಕೂಲಂಕಷವಾಗಿ ನೋಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಹಾರ್ಲೆಯ ಚೇತರಿಕೆಯಲ್ಲಿ ಸುಂಕದ ಪಾಲು ಸಣ್ಣದು. ಹಾರ್ಲೆ ಕೊಳ್ಳುವವರು ಮತ್ತು ಜಪಾನಿ 750 ಕೊಳ್ಳುವವರು ಬೇರೆ ಬೇರೆ ಜನ. ಒಂದರ ಬೆಲೆ ಏರಿದರೆ ಇನ್ನೊಂದಕ್ಕೆ ಹಾರುವವರಲ್ಲ. ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು 1984ರ ಎವಲ್ಯೂಷನ್ ಎಂಜಿನ್, ಬಿಡಿಭಾಗಗಳನ್ನು ಬೇಕಾದಾಗಷ್ಟೇ ತರಿಸಿಕೊಳ್ಳುವ ಜಪಾನಿ ಪದ್ಧತಿ, ಮತ್ತು ಆ ಹೊತ್ತಿಗೆ ಮೇಲೆದ್ದ ಅಮೆರಿಕದ ಆರ್ಥಿಕತೆ. ಬ್ಯಾಂಕುಗಳಿಗೆ ಧೈರ್ಯ ತುಂಬಲು ಸುಂಕ ನೆರವಾಯಿತು ಎನ್ನಬಹುದು. ಅದಕ್ಕಿಂತ ಜಾಸ್ತಿ ಹೇಳಿದರೆ ಉತ್ಪ್ರೇಕ್ಷೆ.

ನಮ್ಮಲ್ಲಿ ಈಗಿರುವ 350 ಸಿಸಿಯ ಜಿಎಸ್‌ಟಿ ಗೆರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ಸುಂಕ ಅಲ್ಲ, ಆದರೆ ಗುಣ ಅದೇ. ಗೆರೆಯ ಈಚೆಗೆ ಶೇ 18, ಆಚೆಗೆ ಶೇ 40. ಇಪ್ಪತ್ತೆರಡು ಪಾಯಿಂಟ್ ವ್ಯತ್ಯಾಸ ಇದ್ದರೆ 400 ಸಿಸಿ ಎಂಜಿನ್ನನ್ನು 349ಕ್ಕೆ ಇಳಿಸುವ ಆಸೆ ಯಾವ ಕಂಪನಿಗೆ ಬರುವುದಿಲ್ಲ?

ಉಕ್ಕಿನ ಜಗಳಕ್ಕೆ ಬೈಕು ಯಾಕೆ?

2018ರ ಯುರೋಪ್ ಸುಂಕದ ಮೂಲ ಬೈಕಲ್ಲ, ಉಕ್ಕು. ಅಮೆರಿಕ ಆಮದು ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಸುಂಕ ಹಾಕಿತು. ಯುರೋಪ್ ಜೂನ್ 22ರಂದು ತಿರುಗೇಟು ಕೊಟ್ಟಿತು. ಅದರ ಪಟ್ಟಿಯಲ್ಲಿ 500 ಸಿಸಿ ಮೇಲ್ಪಟ್ಟ ಬೈಕು, ಬರ್ಬನ್ ವಿಸ್ಕಿ, ಜೀನ್ಸ್, ಕಡಲೆಕಾಯಿ ಬೆಣ್ಣೆ ಇದ್ದವು. ಎಲ್ಲವೂ ನೋಡಿದ ಕೂಡಲೇ ಅಮೆರಿಕ ಎಂದು ಗುರುತು ಸಿಗುವ ವಸ್ತುಗಳು. ಹಾರ್ಲೆಯ ಊರು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ. ಆಗಿನ ಸಂಸತ್ ಸ್ಪೀಕರ್ ಪಾಲ್ ರಯಾನ್ ಆರಿಸಿ ಬಂದದ್ದು ಅದೇ ರಾಜ್ಯದಿಂದ. ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಎಂದು ನೋಡಿಯೇ ಪಟ್ಟಿ ಮಾಡಿದ್ದರು.

ಇಂಥ ಪಟ್ಟಿಗಳಿಗೆ ಬೈಕು ಸೇರುವುದು ಹೊಸದಲ್ಲ. ಹಾರ್ಮೋನು ಕೊಟ್ಟು ಬೆಳೆಸಿದ ಗೋಮಾಂಸವನ್ನು ಯುರೋಪ್ ಕೊಳ್ಳುತ್ತಿಲ್ಲ ಎಂಬ ಹಳೆಯ ಜಗಳದಲ್ಲಿ, 2017ರ ಸುಮಾರಿಗೆ ಅಮೆರಿಕ ಯುರೋಪಿನ 51ರಿಂದ 500 ಸಿಸಿ ಬೈಕುಗಳಿಗೆ ಶೇ 100 ಸುಂಕ ಹಾಕುವ ಪ್ರಸ್ತಾಪ ಇಟ್ಟಿತ್ತು. ಗೋಮಾಂಸಕ್ಕೂ ಸ್ಕೂಟರಿಗೂ ಎತ್ತಣ ಸಂಬಂಧ? ಅಲ್ಲಿಯ ಬೈಕ್ ಸವಾರರು, ಡೀಲರುಗಳು ಗಲಾಟೆ ಮಾಡಿದರು, ಅದು ಜಾರಿಗೆ ಬರಲಿಲ್ಲ.

2018ರಲ್ಲಿ ಹಾರ್ಲೆಗೆ ಎರಡೂ ಕಡೆಯಿಂದ ಪೆಟ್ಟು. ಹೊರಗೆ ಯುರೋಪಿನ ಸುಂಕ. ಒಳಗೆ ಉಕ್ಕು, ಅಲ್ಯೂಮಿನಿಯಂ ದುಬಾರಿಯಾಗಿ 1.5ರಿಂದ 2 ಕೋಟಿ ಡಾಲರ್ ಹೆಚ್ಚು ಖರ್ಚು. ಉಕ್ಕಿನ ಸುಂಕ ಹಾಕಿದಾಗ ಆಮದು ಉಕ್ಕು ಮಾತ್ರ ಏರುವುದಿಲ್ಲ, ದೇಶೀ ಉಕ್ಕಿನ ಬೆಲೆಯೂ ಜೊತೆಗೆ ಏರುತ್ತದೆ. ಮೊದಲು ಹೇಳಿದ ಐದು ರೂಪಾಯಿಯ ಕಥೆಯೇ. ಉಕ್ಕು ತಯಾರಿಸುವವರಿಗೆ ರಕ್ಷಣೆ ಕೊಟ್ಟರೆ ಉಕ್ಕು ಬಳಸುವವರಿಗೆ ತೊಂದರೆ, ಮತ್ತು ಬಳಸುವವರ ಸಂಖ್ಯೆಯೇ ಯಾವಾಗಲೂ ದೊಡ್ಡದು. 2025ರಲ್ಲಿ ಅಮೆರಿಕ ಉಕ್ಕಿನ ಸುಂಕವನ್ನು ಮಾರ್ಚ್‌ನಲ್ಲಿ ವಿನಾಯಿತಿಗಳಿಲ್ಲದೆ ಶೇ 25 ಮಾಡಿ, ಜೂನ್‌ನಲ್ಲಿ ಶೇ 50ಕ್ಕೆ ಏರಿಸಿದಾಗ ಇದೇ ಸಮಸ್ಯೆ ಮತ್ತೆ ಎದ್ದಿತು.

ಥಾಯ್ಲೆಂಡಿಗೆ ಹೋದರೂ ತಪ್ಪಲಿಲ್ಲ

ಯುರೋಪಿಗೆ ಹೋಗುವ ಬೈಕುಗಳನ್ನು ಅಮೆರಿಕದ ಹೊರಗೆ ತಯಾರಿಸುತ್ತೇವೆ ಎಂದು ಹಾರ್ಲೆ 2018ರ ಜೂನ್ 25ರಂದೇ ಹೇಳಿತು. ಟ್ರಂಪ್ ಕೆಂಡಾಮಂಡಲವಾದರು. ಅಮೆರಿಕದ ಕೆಲಸ ಉಳಿಸಲು ಎಂದು ಶುರುವಾದ ಸುಂಕ, ಅಮೆರಿಕದ್ದೇ ಕಂಪನಿಯ ಕೆಲಸವನ್ನು ಹೊರಗೆ ತಳ್ಳುತ್ತಿತ್ತು. ಆದರೆ ಥಾಯ್ಲೆಂಡಿನ ರಯೋಂಗ್ ಕಾರ್ಖಾನೆಯ ಯೋಜನೆ 2017ರದ್ದೇ. ಆಗ್ನೇಯ ಏಷ್ಯಾದ ಸುಂಕದಿಂದ ತಪ್ಪಿಸಿಕೊಳ್ಳಲು ಅದನ್ನು ಹಾಕಿಕೊಂಡಿದ್ದರು. ಯುರೋಪ್ ಸುಂಕ ಬಂದಾಗ ಅದು ಸಿದ್ಧವಾಗಿ ಕೈಗೆ ಸಿಕ್ಕಿತು.

ಥಾಯ್ಲೆಂಡಿನಲ್ಲಿ ಮಾಡಿದ ಹಾರ್ಲೆ ಥಾಯ್ ಸರಕು, ಅದಕ್ಕೆ ಶೇ 6 ಸಾಕು ಎಂದು ಬೆಲ್ಜಿಯಂ ಕಸ್ಟಮ್ಸ್ 2019ರಲ್ಲಿ ಪ್ರಮಾಣಪತ್ರ ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಯುರೋಪಿಯನ್ ಆಯೋಗದ ನಿರ್ಧಾರದಿಂದ ಅದು ರದ್ದಾಯಿತು. ಸುಂಕ ತಪ್ಪಿಸಿಕೊಳ್ಳುವುದೇ ಮುಖ್ಯ ಉದ್ದೇಶವಾಗಿದ್ದರೆ ಅಂಥ ಸ್ಥಳಾಂತರಕ್ಕೆ ಆರ್ಥಿಕ ಸಮರ್ಥನೆ ಇಲ್ಲ, ಬೈಕನ್ನು ಅಮೆರಿಕದ್ದೆಂದೇ ಎಣಿಸಬೇಕು ಅನ್ನುವುದು ಆಯೋಗದ ನಿಲುವು. ಆಗ ಯುರೋಪಿನ ಸುಂಕ ಜೂನ್‌ನಿಂದ ಶೇ 56ಕ್ಕೆ ಏರುವ ಹಂತದಲ್ಲಿತ್ತು. ಅದು ಮುಂದಕ್ಕೆ ಹೋಯಿತು, ವರ್ಷದ ಕೊನೆಗೆ ಅಮೆರಿಕ ಮತ್ತು ಯುರೋಪ್ ರಾಜಿಯಾದವು, 2022ರ ಜನವರಿಯಿಂದ ಮತ್ತೆ ಶೇ 6.

ಆಯೋಗದ ನಿರ್ಧಾರದ ವಿರುದ್ಧ ಹಾರ್ಲೆ ಹೂಡಿದ್ದ ಕೋರ್ಟಿನ ಕೇಸು ಮಾತ್ರ ನಡೆಯುತ್ತಲೇ ಇತ್ತು. 2024ರ ನವೆಂಬರ್ 21ರಂದು ಯುರೋಪಿನ ಅತ್ಯುನ್ನತ ನ್ಯಾಯಾಲಯ ಹಾರ್ಲೆಯ ಮೇಲ್ಮನವಿ ತಳ್ಳಿಹಾಕಿತು. ಸುಂಕ ಹೋಗಿ ಸುಮಾರು ಮೂರು ವರ್ಷವಾದ ಮೇಲೆ ಬಂದ ಈ ತೀರ್ಪು ಸಣ್ಣದಲ್ಲ. ಸುಂಕ ಬಂದ ಮೇಲೆ ಕಾರ್ಖಾನೆ ಬದಲಿಸುವ ಕಂಪನಿ ಇನ್ನು ತನ್ನ ಸ್ಥಳಾಂತರಕ್ಕೆ ಸುಂಕ ತಪ್ಪಿಸುವುದಲ್ಲದೆ ಬೇರೊಂದು ಬಲವಾದ ಕಾರಣ ಇತ್ತು ಎಂದು ತೋರಿಸಬೇಕು. ಹಾರ್ಲೆಯ ಜೂನ್ 25ರ ಹೇಳಿಕೆಯೇ ಅದಕ್ಕೆ ಮುಳುವಾಯಿತು. ಸುಂಕದಿಂದಾಗಿ ಹೋಗುತ್ತಿದ್ದೇವೆ ಎಂದು ತಾನೇ ಬರೆದು ಕೊಟ್ಟಿತ್ತಲ್ಲ!

ಆಮೇಲೆ ಇನ್ನೊಂದು ತಿರುವು. ಹೊಸ ರೆವಲ್ಯೂಷನ್ ಮ್ಯಾಕ್ಸ್ ಎಂಜಿನ್ನಿನ ಬೈಕುಗಳನ್ನು 2025ರ ಮಾಡೆಲ್ ವರ್ಷಕ್ಕೆ ಅಮೆರಿಕದ ಗಿರಾಕಿಗಳಿಗೂ ಥಾಯ್ಲೆಂಡಿನಿಂದಲೇ ತರಿಸಲು ಕಂಪನಿ ತೀರ್ಮಾನಿಸಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಥಾಯ್ಲೆಂಡಿನ ಸರಕಿಗೆ ಶೇ 19 ಸುಂಕ ಹಾಕಿತು. ಒಂದು ಸುಂಕದಿಂದ ತಪ್ಪಿಸಿಕೊಳ್ಳಲು ಕಟ್ಟಿದ ಕಾರ್ಖಾನೆ ಇನ್ನೊಂದರ ಬಲೆಯಲ್ಲಿ.

ಎರಡೂ ಕಡೆಯ ವಾದ

ಸುಂಕದ ಪರವಾದ ವಾದದಲ್ಲಿ ಗಟ್ಟಿ ಅಂಶಗಳಿವೆ. ಭಾರತದ ಬೈಕ್ ಉದ್ಯಮ ಬೆಳೆದದ್ದೇ ಗೋಡೆಯ ಒಳಗೆ. ವಿದೇಶಿ ಕಂಪನಿಗಳು ಇಲ್ಲಿಯವರ ಜೊತೆ ಸೇರಿ ತಂತ್ರಜ್ಞಾನ ಹಂಚಿಕೊಂಡದ್ದರ ಹಿಂದೆಯೂ ಆ ಗೋಡೆ ಇತ್ತು. ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡಿರುವಾಗ ನಾವೊಬ್ಬರೇ ಯಾಕೆ ತೆರೆದಿಡಬೇಕು ಅನ್ನುವ ಪ್ರಶ್ನೆಯೂ ಇದೆ. ಮಾತುಕತೆಯಲ್ಲಿ ಬಿಟ್ಟುಕೊಡಲು ಕೈಯಲ್ಲಿ ಏನಾದರೂ ಇರಬೇಕು. 2025ರ ಇಳಿಕೆಯನ್ನು ಹಲವರು ನೋಡಿದ್ದು ಹಾಗೆಯೇ.

ವಿರೋಧಿಸುವವರು ಹೇಳುವುದು: ಆ ಗೋಡೆಯ ಕೆಲಸ ಮುಗಿದಿದೆ. ಲಕ್ಷಗಟ್ಟಲೆ ಬೈಕು ರಫ್ತು ಮಾಡುವ ಉದ್ಯಮಕ್ಕೆ ವರ್ಷಕ್ಕೆ ಕೆಲವು ಸಾವಿರ ದೊಡ್ಡ ಬೈಕುಗಳ ಆಮದಿನಿಂದ ಏನು ಅಪಾಯ?

ಈ ಎರಡನೆಯ ಮಾತೇ ಹೆಚ್ಚು ಸರಿ ಎನಿಸುತ್ತದೆ. ಆದರೆ ಉದ್ಯಮಕ್ಕೆ ಶೇ 40ಕ್ಕಿಂತ ದೊಡ್ಡ ತಲೆನೋವು ನಾಳೆ ಎಷ್ಟು ಎಂದು ತಿಳಿಯದಿರುವುದು. ಹೊಸ ಬೈಕು ಕಾಗದದಿಂದ ರಸ್ತೆಗೆ ಬರಲು ಮೂರು ನಾಲ್ಕು ವರ್ಷ ಬೇಕು. ಕಾರ್ಖಾನೆ ಹತ್ತಿಪ್ಪತ್ತು ವರ್ಷದ ಲೆಕ್ಕ. ಸುಂಕ ತಿಂಗಳಿಗೊಮ್ಮೆ ಬದಲಾದರೆ ಯಾವ ಲೆಕ್ಕವೂ ಕೂರುವುದಿಲ್ಲ. 2025ರ ಮೇ ತಿಂಗಳಲ್ಲಿ ಹಾರ್ಲೆ ಆ ವರ್ಷದ ತನ್ನ ಆದಾಯದ ಅಂದಾಜನ್ನೇ ಹಿಂತೆಗೆದುಕೊಂಡಿತು. ಶೇ 50 ಎಂದು ಖಚಿತವಾಗಿದ್ದರೆ ಕಂಪನಿ ಅದಕ್ಕೆ ತಕ್ಕ ಕಾರ್ಖಾನೆ ಹಾಕುತ್ತದೆ. ಶೇ 10ರಿಂದ 50ರ ನಡುವೆ ಎಲ್ಲಿಯಾದರೂ ಇರಬಹುದು ಎಂದರೆ ಕೈಕಟ್ಟಿ ಕೂರುತ್ತದೆ.

ಖರೀದಿದಾರರ ಪಾಲಿಗೆ

ಈಗಾಗಲೇ ಆಮದು ಬೈಕು ಇಟ್ಟುಕೊಂಡವರಿಗೆ ಸುಂಕ ಕಾಣುವುದು ಬಿಡಿಭಾಗಗಳಲ್ಲಿ. ಕ್ಲಚ್ ಪ್ಲೇಟು, ಬ್ರೇಕ್ ಲಿವರ್, ಫೇರಿಂಗ್ ಎಲ್ಲವೂ ಹಡಗು ಅಥವಾ ವಿಮಾನದಲ್ಲೇ ಬರಬೇಕು. ಮಾರಾಟ ಕಡಿಮೆ ಇರುವ ಮಾಡೆಲ್ಲಿಗೆ ಡೀಲರು ಬಿಡಿಭಾಗ ತರಿಸಿ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ದುಬಾರಿಯ ಜೊತೆಗೆ ಕಾಯುವಿಕೆಯೂ ಸೇರುತ್ತದೆ. ಕಂಪನಿ ಆ ಮಾಡೆಲ್ಲನ್ನೇ ನಿಲ್ಲಿಸಿದರೆ ಮಾರುವಾಗ ಬೆಲೆ ಬೀಳುತ್ತದೆ. ಹೊಸದು ದುಬಾರಿಯಾದರೆ ಹಳೆಯದರ ಬೆಲೆ ಏರುವುದೂ ಇದೆ. ಎರಡರಲ್ಲಿ ಯಾವುದು ಅನ್ನುವುದು ಆ ಬೈಕಿನ ಸರ್ವಿಸ್ ಜಾಲ ಉಳಿಯುತ್ತದಾ ಅನ್ನುವುದರ ಮೇಲೆ ನಿಂತಿದೆ.

ಕೊಳ್ಳಬೇಕು ಎಂದು ಕಾಯುತ್ತಿರುವವರು ಬ್ರ್ಯಾಂಡ್ ನೋಡಿ ಸುಂಕದ ಲೆಕ್ಕ ಹಾಕಬಾರದು. ಬೈಕು ಪೂರ್ತಿ ತಯಾರಾಗಿ ಬಂದದ್ದಾ, ಕಿಟ್ಟಾಗಿ ಬಂದು ಇಲ್ಲಿ ಜೋಡಣೆಯಾದದ್ದಾ, ಇಲ್ಲಿಯೇ ತಯಾರಾದದ್ದಾ ಎಂದು ಮೊದಲು ಕೇಳಬೇಕು. ಮೂರನೆಯದಾದರೆ ಸುಂಕದ ಸುದ್ದಿಗಿಂತ ಜಿಎಸ್‌ಟಿ ಸುದ್ದಿಯೇ ಮುಖ್ಯ. ಎರಡನೆಯದಾದರೆ ಸುಂಕ ಐದು ಪಾಯಿಂಟ್ ಇಳಿದರೂ ಬೆಲೆಯಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸಬೇಕಿಲ್ಲ. ಕಿಟ್ಟಿನ ಬೆಲೆ ಒಟ್ಟು ಬೆಲೆಯ ಒಂದು ಭಾಗ ಮಾತ್ರ, ಡಾಲರ್ ಅಥವಾ ಯೂರೋ ಎದುರು ರೂಪಾಯಿ ಸ್ವಲ್ಪ ಜಾರಿದರೆ ಆ ಐದು ಪಾಯಿಂಟ್ ಅಲ್ಲೇ ಕರಗುತ್ತದೆ.

ಪೂರ್ತಿ ಆಮದಾದರೆ ಇನ್ನೂ ಒಂದು ವಿಷಯ. ಸುಂಕದ ದರ ನಿಂತಿರುವುದು ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣೆ ಪತ್ರ, ಸಲ್ಲಿಸಿದ ದಿನದ ಮೇಲೆ, ಶೋರೂಮಿನಲ್ಲಿ ಮಾರಾಟವಾದ ದಿನದ ಮೇಲೆ ಅಲ್ಲ. ಸುಂಕ ಇಳಿದ ಮರುದಿನ ಡೀಲರ ಬಳಿ ನಿಂತಿರುವ ಬೈಕು ಹಳೆಯ ದರದ ಸುಂಕ ಕಟ್ಟಿ ಒಳಗೆ ಬಂದದ್ದು. ಅದನ್ನು ಹೊಸ ಬೆಲೆಗೆ ಕೊಟ್ಟರೆ ನಷ್ಟ ಡೀಲರದ್ದೋ ಕಂಪನಿಯದ್ದೋ ಆಗುತ್ತದೆ. ಹಾಗಾಗಿ ಇಳಿಕೆ ಬಂದಾಗ ಹಳೆಯ ದಾಸ್ತಾನು ಖಾಲಿಯಾಗುವವರೆಗೆ ಬೆಲೆ ಅಲ್ಲಾಡುವುದಿಲ್ಲ. ಏರಿಕೆ ಬಂದಾಗಲೂ ಇದೇ ನಿಯಮ ನಡೆಯಬೇಕಿತ್ತು, ಹಳೆಯ ಬೈಕು ಹಳೆಯ ಬೆಲೆಗೇ ಸಿಗಬೇಕಿತ್ತು. ಅಂಥ ಹೊತ್ತಿನಲ್ಲಿ ಶೋರೂಮಿಗೆ ಹೋದರೆ ಬೈಕಿನ ತಯಾರಿಕೆ ತಿಂಗಳು ಯಾವುದು, ಆಮದಾದದ್ದು ಯಾವಾಗ ಎಂದು ಕೇಳಿ, ಆಮೇಲೆ ಚೌಕಾಸಿಗೆ ಕೂರಬಹುದು.